ಮಿದುಳಿನ ಗಡ್ಡೆಯ ಗಡಿ ಹೇಳುವ ಕೊಬ್ಬಿನ ಅಣುಗಳು

ಮಿದುಳಿನಲ್ಲಿ ಗಡ್ಡೆ ಎಲ್ಲಿದೆ ಎಂಬುದನ್ನು ಎಂಆರ್‌ಐ ಚಿತ್ರ ತೋರಿಸಿಕೊಡುತ್ತದೆ. ಅದು ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ತಲೆಬುರುಡೆಯನ್ನು ತೆರೆದ ನಂತರವೂ ಶಸ್ತ್ರವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಕೆಲವೇ ಮಿಲಿಮೀಟರ್ ಹೆಚ್ಚು ಕತ್ತರಿಸಿದರೆ ರೋಗಿಯ ಮಾತು, ಕೈಕಾಲುಗಳ ಚಲನೆ ಅಥವಾ ದೃಷ್ಟಿಗೆ ಧಕ್ಕೆಯಾಗಬಹುದು. ಕೆಲವೇ ಮಿಲಿಮೀಟರ್ ಕಡಿಮೆ ಕತ್ತರಿಸಿದರೆ ಉಳಿದುಹೋದ ಕೋಶಗಳಿಂದ ಗಡ್ಡೆ ಮತ್ತೆ ತಲೆಯೆತ್ತಬಹುದು.

ಈ ಗಡಿಯನ್ನು ಗುರುತಿಸಲು ವಿಜ್ಞಾನಿಗಳು ಹಿಡಿದಿರುವ ದಾರಿಗಳಲ್ಲೊಂದು ಮಿದುಳಿನಲ್ಲಿ ಹೇರಳವಾಗಿರುವ ಕೊಬ್ಬಿನ ಅಣುಗಳ ಅಧ್ಯಯನ. ರಸಾಯನಶಾಸ್ತ್ರದಲ್ಲಿ ಲಿಪಿಡ್ ಎಂದು ಕರೆಯಲಾಗುವ ಈ ಅಣುಗಳ ಪ್ರಮಾಣ ಮತ್ತು ಬಗೆ ಆರೋಗ್ಯವಂತ ಮಿದುಳಿನಲ್ಲಿ ಒಂದು ರೀತಿ, ಗಡ್ಡೆಯಲ್ಲಿ ಇನ್ನೊಂದು ರೀತಿ. ಅಣುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಈ ವ್ಯತ್ಯಾಸವನ್ನು ನಿಮಿಷಗಳಲ್ಲಿ, ಕೆಲವು ವಿಧಾನಗಳಲ್ಲಿ ಸೆಕೆಂಡುಗಳಲ್ಲಿ, ಓದಬಲ್ಲದು. ಪ್ರಯೋಗಾಲಯದ ಮೂಲೆಯಲ್ಲಿದ್ದ ಈ ಯಂತ್ರ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲಿಗೆ ಬಂದ ಬಗೆ, ಅದರ ಸಾಧನೆ ಮತ್ತು ಮಿತಿಗಳ ಪರಿಚಯ ಇಲ್ಲಿದೆ.

ಗಡಿಯಿಲ್ಲದ ಗಡ್ಡೆ

ಮಿದುಳಿನ ಗಡ್ಡೆಗಳೆಲ್ಲ ಒಂದೇ ಸ್ವಭಾವದವಲ್ಲ. ಮಿದುಳನ್ನು ಆವರಿಸಿರುವ ಪೊರೆಗಳಲ್ಲಿ ಹುಟ್ಟುವ ಮೆನಿಂಜಿಯೋಮಾ ಬಹುಮಟ್ಟಿಗೆ ಮಿದುಳನ್ನು ಒತ್ತುತ್ತ ಹೊರಗಿನಿಂದ ಬೆಳೆಯುತ್ತದೆ. ಅನೇಕ ಸಂದರ್ಭಗಳಲ್ಲಿ ಅದನ್ನು ಬಿಡಿಸಿ ತೆಗೆಯಲು ಸಾಧ್ಯ. ನರಕೋಶಗಳಿಗೆ ಆಸರೆಯಾಗಿರುವ ಗ್ಲಯಾ ಕೋಶಗಳ ಬಳಗಕ್ಕೆ ಸೇರಿದ ಗ್ಲಯೋಮಾ ಹಾಗಲ್ಲ. ಗರಿಕೆ ಹುಲ್ಲಿನ ಬೇರು ಮಣ್ಣಿನೊಳಗೆ ಹರಡಿದಂತೆ ಅದರ ಕೋಶಗಳು ಆರೋಗ್ಯವಂತ ನರತಂತುಗಳ ನಡುವೆ ನುಸುಳಿಕೊಂಡು ಹೋಗುತ್ತವೆ. ನಡುವಿನ ದಟ್ಟ ಭಾಗ ಕಾಣುತ್ತದೆ, ಅಂಚು ಕಾಣುವುದಿಲ್ಲ.

ಇದರ ತೀವ್ರತೆಯನ್ನು ವೈದ್ಯರು ಅರಿತು ಸುಮಾರು ಒಂದು ಶತಮಾನವೇ ಆಯಿತು. ಅಮೆರಿಕದ ಬಾಲ್ಟಿಮೋರ್‌ನ ಖ್ಯಾತ ನರಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ, ಮಿದುಳಿನ ಬಲ ಅರ್ಧಗೋಳವನ್ನೇ ತೆಗೆದುಹಾಕಿದ ಪ್ರಕರಣಗಳನ್ನು 1928ರಲ್ಲಿ ವರದಿ ಮಾಡಿದರು. ಅರ್ಧ ಮಿದುಳನ್ನು ತೆಗೆದರೂ ಗ್ಲಯೋಮಾ ಮರುಕಳಿಸುವುದನ್ನು ತಡೆಯಲಾಗಲಿಲ್ಲ. ಹೆಚ್ಚು ಕತ್ತರಿಸುವುದೊಂದೇ ಪರಿಹಾರವಲ್ಲ ಎಂಬುದು ಅಂದೇ ಮನವರಿಕೆಯಾಯಿತು.

ಗ್ಲಯೋಮಾಗಳಲ್ಲಿ ಅತ್ಯಂತ ಉಗ್ರವಾದದ್ದು ಗ್ಲಯೋಬ್ಲಾಸ್ಟೋಮಾ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆಯ ಜೊತೆಗೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ನೀಡಿದಾಗ ರೋಗಿಗಳ ಮಧ್ಯಮ ಬದುಕುಳಿಯುವ ಅವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂದು 2005ರಲ್ಲಿ ಪ್ರಕಟವಾದ ಪ್ರಮುಖ ಅಧ್ಯಯನ ತಿಳಿಸಿತು. ಎರಡೂವರೆ ತಿಂಗಳ ಈ ಲಾಭವೇ ಅಂದು ದೊಡ್ಡ ಮುನ್ನಡೆಯೆನಿಸಿ, ಆ ಕ್ರಮವೇ ಜಗತ್ತಿನಾದ್ಯಂತ ರೂಢಿಯಾಯಿತು. ಇಂತಹ ಕಾಯಿಲೆಯಲ್ಲಿ ಗಡ್ಡೆಯನ್ನು ಸುರಕ್ಷಿತವಾಗಿ ಎಷ್ಟು ಹೆಚ್ಚು ತೆಗೆಯಲಾಯಿತು ಎಂಬುದಕ್ಕೆ ಬಹಳ ಬೆಲೆಯಿದೆ.

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಂಗಾಂಶವನ್ನು ಪರೀಕ್ಷಿಸುವ ಪದ್ಧತಿ ಹೊಸದಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿ ವಿಲ್ಸನ್ 1905ರಲ್ಲಿ ವಿವರಿಸಿದ, ಅಂಗಾಂಶವನ್ನು ಹೆಪ್ಪುಗಟ್ಟಿಸಿ ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ 'ಫ್ರೋಜನ್ ಸೆಕ್ಷನ್' ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ಪ್ರತಿ ಮಾದರಿಗೂ ಸುಮಾರು 20ರಿಂದ 30 ನಿಮಿಷ ಬೇಕು. ತೆರೆದ ಮಿದುಳಿನ ಮುಂದೆ ಶಸ್ತ್ರವೈದ್ಯರು ಕಾಯಬೇಕಾಗುತ್ತದೆ. ಹೀಗಾಗಿ ಒಂದೆರಡು ಕಡೆಯ ಮಾದರಿಯನ್ನಷ್ಟೇ ಕಳುಹಿಸಲು ಸಾಧ್ಯ. ಅಂಚಿನುದ್ದಕ್ಕೂ ಹತ್ತಾರು ಕಡೆ ಪರೀಕ್ಷಿಸುವುದು ಪ್ರಾಯೋಗಿಕವಲ್ಲ.

ಇನ್ನೊಂದು ಉಪಾಯ, ಗಡ್ಡೆಯ ಕೋಶಗಳು ನೀಲಿ ಬೆಳಕಿನಲ್ಲಿ ಕೆಂಪಾಗಿ ಹೊಳೆಯುವಂತೆ ಮಾಡುವ 5-ಎಎಲ್‌ಎ ಎಂಬ ದ್ರಾವಣ. ಜರ್ಮನಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದನ್ನು ಬಳಸಿದಾಗ ಎಂಆರ್‌ಐ ಚಿತ್ರದಲ್ಲಿ ಎದ್ದು ಕಾಣುವ ಗಡ್ಡೆಯನ್ನು ಪೂರ್ಣವಾಗಿ ತೆಗೆಯಲು ಸಾಧ್ಯವಾದವರ ಪ್ರಮಾಣ ಶೇ 36ರಿಂದ ಶೇ 65ಕ್ಕೆ ಏರಿತು. ಆದರೆ ಈ ಹೊಳಪು ಉಗ್ರ ಗಡ್ಡೆಗಳಲ್ಲಿ ಚೆನ್ನಾಗಿ ಕಾಣುವಷ್ಟು ನಿಧಾನಗತಿಯ ಗಡ್ಡೆಗಳಲ್ಲಿ ಕಾಣುವುದಿಲ್ಲ. ಕೋಶಗಳು ವಿರಳವಾಗಿರುವ ಹೊರ ಅಂಚಿನಲ್ಲಿಯೂ ಅದು ಮಸುಕಾಗುತ್ತದೆ.

ಮಿದುಳೆಂಬ ಕೊಬ್ಬಿನ ಕಣಜ

ಮಿದುಳಿನ ತೂಕ ದೇಹದ ಒಟ್ಟು ತೂಕದ ಸುಮಾರು ಶೇ 2ರಷ್ಟು ಮಾತ್ರ. ಆದರೆ ದೇಹದ ಕೊಲೆಸ್ಟರಾಲ್‌ನ ಸುಮಾರು ಐದನೇ ಒಂದು ಭಾಗ ಅಲ್ಲಿದೆ. ನೀರನ್ನು ತೆಗೆದು ತೂಗಿದರೆ ಮಿದುಳಿನ ಸರಿಸುಮಾರು ಅರ್ಧದಷ್ಟು ಲಿಪಿಡ್‌ಗಳೇ ಇವೆ. ಕೊಬ್ಬು ಸಂಗ್ರಹಕ್ಕೆಂದೇ ಇರುವ ಅಂಗಾಂಶವನ್ನು ಬಿಟ್ಟರೆ ಇಷ್ಟು ಲಿಪಿಡ್ ಇರುವ ಅಂಗ ದೇಹದಲ್ಲಿ ಬೇರೊಂದಿಲ್ಲ. ಇದು ಹೊಟ್ಟೆಯಲ್ಲಿ ಶೇಖರವಾಗುವ ಬೊಜ್ಜಿನಂತಹ ಕೊಬ್ಬಲ್ಲ. ಕೋಶಪೊರೆಗಳನ್ನು ಕಟ್ಟಲು, ನರತಂತುಗಳಿಗೆ ಕವಚ ತೊಡಿಸಲು ಬಳಕೆಯಾಗುವ ವಸ್ತು.

ಈ ರಸಾಯನವನ್ನು ಮೊದಲು ಕ್ರಮಬದ್ಧವಾಗಿ ಬಿಡಿಸಿ ನೋಡಿದವರು ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ವೈದ್ಯ ಜೊಹಾನ್ ಲುಡ್ವಿಗ್ ವಿಲ್ಹೆಲ್ಮ್ ಥುಡಿಕಮ್. ಮಿದುಳಿನ ರಾಸಾಯನಿಕ ರಚನೆಯನ್ನು ಕುರಿತ ಅವರ ಗ್ರಂಥ 1884ರಲ್ಲಿ ಪ್ರಕಟವಾಯಿತು. ಅವರು ಬೇರ್ಪಡಿಸಿದ ವಸ್ತುವೊಂದರ ಸ್ವಭಾವ ಒಗಟಾಗಿಯೇ ಉಳಿದದ್ದರಿಂದ, ಒಗಟು ಕೇಳುವ ಪುರಾಣಪ್ರಾಣಿ ಸ್ಫಿಂಕ್ಸ್‌ನ ನೆನಪಿನಲ್ಲಿ ಅದಕ್ಕೆ ಸ್ಫಿಂಗೊಸೀನ್ ಎಂದು ಹೆಸರಿಟ್ಟರು. ಅದರಿಂದ ರೂಪುಗೊಳ್ಳುವ ಸ್ಫಿಂಗೊಲಿಪಿಡ್ ಎಂಬ ಬಳಗವೇ ಇಂದು ಗಡ್ಡೆಗಳ ಪತ್ತೆಯಲ್ಲಿ ಮುಖ್ಯ ಪಾತ್ರ ವಹಿಸುತ್ತಿದೆ.

ಮಿದುಳಿನೊಳಗೂ ಲಿಪಿಡ್‌ಗಳ ಹಂಚಿಕೆ ಒಂದೇ ತೆರನಾಗಿಲ್ಲ. ನರಕೋಶಗಳ ಒಡಲು ತುಂಬಿರುವ ಬೂದುದ್ರವ್ಯದಲ್ಲಿ ಡಿಎಚ್‌ಎ ಎಂಬ ಒಮೆಗಾ-3 ಮೇದಾಮ್ಲವನ್ನು ಹೊತ್ತ ಫಾಸ್ಫಾಟಿಡಿಲ್‌ಸೀರೀನ್ ಹೆಚ್ಚು. ನರತಂತುಗಳು ಹಾದುಹೋಗುವ ಶ್ವೇತದ್ರವ್ಯದಲ್ಲಿ ತಂತುಗಳನ್ನು ಸುತ್ತಿರುವ ಮಯಲಿನ್ ಕವಚವೇ ಪ್ರಧಾನ. ಮಯಲಿನ್‌ನ ಒಣತೂಕದ ಶೇ 70ರಿಂದ 85ರಷ್ಟು ಲಿಪಿಡ್. ಅದರಲ್ಲಿ ಸಲ್ಫಟೈಡ್ ಎಂಬ ಗಂಧಕಯುಕ್ತ ಸ್ಫಿಂಗೊಲಿಪಿಡ್‌ಗೆ ವಿಶೇಷ ಸ್ಥಾನ.

ಇಷ್ಟೊಂದು ಮಾಹಿತಿ ಹೊತ್ತಿರುವ ಲಿಪಿಡ್‌ಗಳು ಆಸ್ಪತ್ರೆಯ ಸಾಮಾನ್ಯ ಪೆಥಾಲಜಿ ಪರೀಕ್ಷೆಯಲ್ಲಿ ಬಹುಪಾಲು ಕಳೆದುಹೋಗುತ್ತವೆ. ಅಂಗಾಂಶವನ್ನು ಮೇಣದಲ್ಲಿ ಹುದುಗಿಸುವ ಮೊದಲು ಆಲ್ಕೋಹಾಲ್ ಮತ್ತು ಜೈಲೀನ್‌ನಲ್ಲಿ ಅದ್ದಲಾಗುತ್ತದೆ. ಈ ದ್ರಾವಕಗಳು ಲಿಪಿಡ್‌ಗಳನ್ನು ಕರಗಿಸಿ ತೊಳೆದುಬಿಡುತ್ತವೆ. ಗಾಜಿನ ಪಟ್ಟಿಯ ಮೇಲೆ ಉಳಿಯುವುದು ಕೋಶಗಳ ಆಕಾರ. ಆ ಆಕಾರವನ್ನು ಓದುವುದರಲ್ಲಿ ಪೆಥಾಲಜಿ ತಜ್ಞರ ಪರಿಣತಿ ಅಸಾಧಾರಣವಾದದ್ದು. ಆದರೆ ಒಣತೂಕದ ಅರ್ಧದಷ್ಟಿದ್ದ ವಸ್ತುವಿನ ಸಾಕ್ಷ್ಯ ಆ ವೇಳೆಗೆ ತೊಳೆದುಹೋಗಿರುತ್ತದೆ.

ಅಣುಗಳನ್ನು ತೂಗುವ ಯಂತ್ರ

ಮಾಸ್ ಸ್ಪೆಕ್ಟ್ರೋಮೀಟರ್‌ನ ತತ್ವ ಸರಳ. ಅಣುಗಳಿಗೆ ವಿದ್ಯುದಾವೇಶ ನೀಡಿ ಅಯಾನುಗಳನ್ನಾಗಿ ಮಾಡಿ, ನಿರ್ವಾತದಲ್ಲಿ ವಿದ್ಯುತ್ ಅಥವಾ ಕಾಂತ ಕ್ಷೇತ್ರದ ಮೂಲಕ ಹಾಯಿಸಲಾಗುತ್ತದೆ. ತುಂಬಿದ ಗಾಡಿಯನ್ನೂ ಖಾಲಿ ಗಾಡಿಯನ್ನೂ ಒಂದೇ ಬಲದಿಂದ ತಳ್ಳಿದರೆ ಖಾಲಿ ಗಾಡಿ ಮೊದಲು ಗುರಿ ಮುಟ್ಟುವಂತೆ, ಹಗುರ ಅಯಾನುಗಳು ಬೇಗ, ಭಾರದವು ತಡವಾಗಿ ಶೋಧಕವನ್ನು ತಲುಪುತ್ತವೆ. ಆ ವ್ಯತ್ಯಾಸದಿಂದ ಪ್ರತಿ ಅಣುವಿನ ತೂಕ ಲೆಕ್ಕಕ್ಕೆ ಸಿಗುತ್ತದೆ. ಯಾವ ತೂಕದ ಅಣುಗಳು ಎಷ್ಟಿವೆ ಎಂಬುದನ್ನು ಯಂತ್ರ ಏರಿಳಿತದ ರೇಖೆಯಾಗಿ ಚಿತ್ರಿಸುತ್ತದೆ. ಈ ಚಿತ್ರವೇ ರೋಹಿತ.

ಲಿಪಿಡ್, ಪ್ರೋಟೀನ್‌ಗಳಂತಹ ನಾಜೂಕಾದ ಜೈವಿಕ ಅಣುಗಳನ್ನು ಒಡೆಯದೆ ಅನಿಲಸ್ಥಿತಿಗೆ ತರುವುದು ಬಹುಕಾಲ ಕಠಿಣ ಸಮಸ್ಯೆಯಾಗಿತ್ತು. ದ್ರಾವಣವನ್ನು ವಿದ್ಯುದಾವೇಶಿತ ಸೂಕ್ಷ್ಮ ಹನಿಗಳಾಗಿ ಸಿಂಪಡಿಸುವ ವಿಧಾನವನ್ನು ಬೆಳೆಸಿದ ಅಮೆರಿಕದ ಜಾನ್ ಫೆನ್ ಮತ್ತು ಲೇಸರ್‌ನಿಂದ ಮೃದುವಾಗಿ ಎಬ್ಬಿಸುವ ದಾರಿ ತೋರಿದ ಜಪಾನಿನ ಕೊಯಿಚಿ ತನಾಕ 2002ರ ರಸಾಯನಶಾಸ್ತ್ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಮಿದುಳಿನ ಲಿಪಿಡ್‌ಗಳ ಇಂದಿನ ಅಧ್ಯಯನ ನಿಂತಿರುವುದು ಈ ಎರಡು ಬುನಾದಿಗಳ ಮೇಲೆ.

ಮುಂದಿನ ಹೆಜ್ಜೆ, ಅಣುಗಳ ನಕ್ಷೆ ತಯಾರಿಸುವುದು. ಅಂಗಾಂಶದ ತೆಳು ಪದರದ ಮೇಲೆ ಲೇಸರನ್ನು ಚುಕ್ಕಿ ಚುಕ್ಕಿಯಾಗಿ ಹಾಯಿಸಿ, ಪ್ರತಿ ಚುಕ್ಕಿಯ ರೋಹಿತವನ್ನು ದಾಖಲಿಸಿ, ಬೇಕಾದ ಅಣು ಎಲ್ಲೆಲ್ಲಿದೆ ಎಂಬುದನ್ನು ಚಿತ್ರವಾಗಿ ತೋರಿಸುವ ವಿಧಾನವನ್ನು ಅಮೆರಿಕದ ರಿಚರ್ಡ್ ಕ್ಯಾಪ್ರಿಯೋಲಿ ತಂಡ 1997ರಲ್ಲಿ ಪ್ರಕಟಿಸಿತು. ಮಾಲ್ಡಿ ಇಮೇಜಿಂಗ್ ಎಂದು ಹೆಸರಾದ ಈ ವಿಧಾನದಲ್ಲಿ ಅಂಗಾಂಶಕ್ಕೆ ವಿಶೇಷ ರಾಸಾಯನಿಕದ ಲೇಪನ ಬೇಕು. ಸಾಮಾನ್ಯವಾಗಿ ಮಾದರಿಯನ್ನು ನಿರ್ವಾತದೊಳಗೆ ಇಡಬೇಕು. ಸಂಶೋಧನೆಗೆ ಇದು ವರದಾನವಾದರೂ ಶಸ್ತ್ರಚಿಕಿತ್ಸೆಯ ಅವಸರಕ್ಕೆ ಒಗ್ಗುವಂತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಡೆಸಿ ವಿಧಾನ. ಇದರಲ್ಲಿ ವಿದ್ಯುದಾವೇಶಿತ ದ್ರಾವಕದ ಸಣ್ಣ ಹನಿಗಳನ್ನು ತೆರೆದ ಗಾಳಿಯಲ್ಲೇ ಅಂಗಾಂಶದ ಮೇಲೆ ಸಿಂಪಡಿಸಲಾಗುತ್ತದೆ. ಹನಿಗಳು ಮೇಲ್ಮೈಯ ಲಿಪಿಡ್‌ಗಳನ್ನು ಕರಗಿಸಿಕೊಂಡು ಚಿಮ್ಮಿ ಯಂತ್ರದ ಬಾಯಿಗೆ ಸೇರುತ್ತವೆ. ಲೇಪನ ಬೇಡ, ಪೂರ್ವಸಿದ್ಧತೆ ಅತ್ಯಲ್ಪ. ಸೂಕ್ತ ದ್ರಾವಕವನ್ನು ಆರಿಸಿಕೊಂಡರೆ ಕೋಶಗಳ ಆಕಾರವೂ ಕೆಡುವುದಿಲ್ಲ. ಅದೇ ಪದರಕ್ಕೆ ಬಣ್ಣ ಹಾಕಿ ಪೆಥಾಲಜಿ ತಜ್ಞರು ನೋಡಬಹುದು. ಯಂತ್ರದ ತೀರ್ಪನ್ನೂ ಮನುಷ್ಯನ ತೀರ್ಪನ್ನೂ ಒಂದೇ ಮಾದರಿಯ ಮೇಲೆ ತಾಳೆ ನೋಡಲು ಇದು ಅನುಕೂಲವಾಯಿತು.

ಗಡ್ಡೆಯ ರೋಹಿತ ಹೇಳುವುದೇನು?

ಆರೋಗ್ಯವಂತ ಮಿದುಳಿನ ಋಣ ಅಯಾನುಗಳ ರೋಹಿತದಲ್ಲಿ ಕೆಲವು ಶಿಖರಗಳು ಎದ್ದು ಕಾಣುತ್ತವೆ. 834.5ರ ಸುಮಾರಿಗೆ ಏಳುವ ಶಿಖರ ಬೂದುದ್ರವ್ಯದ ಡಿಎಚ್‌ಎಯುಕ್ತ ಫಾಸ್ಫಾಟಿಡಿಲ್‌ಸೀರೀನ್‌ನದು. 888.6ರದು ಶ್ವೇತದ್ರವ್ಯದ ಸಲ್ಫಟೈಡ್‌ನದು. 788.5ರಲ್ಲಿ ಶ್ವೇತದ್ರವ್ಯದಲ್ಲಿ ಹೆಚ್ಚಾಗಿರುವ ಇನ್ನೊಂದು ಬಗೆಯ ಫಾಸ್ಫಾಟಿಡಿಲ್‌ಸೀರೀನ್ ಕಾಣಿಸುತ್ತದೆ. ಈ ಶಿಖರಗಳ ಪರಸ್ಪರ ಎತ್ತರವನ್ನು ನೋಡಿಯೇ ಮಾದರಿ ಮಿದುಳಿನ ಯಾವ ದ್ರವ್ಯದ್ದೆಂದು ಹೇಳಬಹುದು.

ಗ್ಲಯೋಮಾದಲ್ಲಿ ಈ ವಿನ್ಯಾಸ ಕದಡುತ್ತದೆ. ಗಡ್ಡೆ ದಟ್ಟವಾದಂತೆ ಮಯಲಿನ್ ನಾಶವಾಗಿ ಸಲ್ಫಟೈಡ್ ತಗ್ಗುತ್ತದೆ. ನರಕೋಶಗಳ ಗುರುತಾದ ಡಿಎಚ್‌ಎಯುಕ್ತ ಲಿಪಿಡ್ ಕ್ಷೀಣಿಸುತ್ತದೆ. ವೇಗವಾಗಿ ವಿಭಜನೆಯಾಗುವ ಕೋಶಗಳಿಗೆ ಹೊಸ ಪೊರೆಗಳನ್ನು ಕಟ್ಟಲು ಫಾಸ್ಫಾಟಿಡಿಲ್‌ಕೋಲೀನ್‌ನಂತಹ ಸಾಮಾನ್ಯ ಲಿಪಿಡ್‌ಗಳು ಬೇಕಾಗುವುದರಿಂದ ಅವುಗಳ ಪಾಲು ಮೇಲೇರುತ್ತದೆ. ನಿರ್ದಿಷ್ಟ ಕೆಲಸಕ್ಕೆ ಪಳಗಿದ ಅಂಗಾಂಶದ ವಿಶಿಷ್ಟ ಲಿಪಿಡ್‌ಗಳು ಕರಗಿ, ಬೆಳವಣಿಗೆಗೆ ಬೇಕಾದ ಸಾಧಾರಣ ಲಿಪಿಡ್‌ಗಳು ಉಳಿಯುತ್ತವೆ ಎಂದು ಇದನ್ನು ಸಂಗ್ರಹಿಸಿ ಹೇಳಬಹುದು.

ಕೊಲೆಸ್ಟರಾಲ್‌ನ ಕಥೆಯೂ ಹೀಗೆಯೇ. ಆರೋಗ್ಯವಂತ ಮಿದುಳಿನಲ್ಲಿ ಕೊಲೆಸ್ಟರಾಲ್ ಬಹುತೇಕ ಸ್ವತಂತ್ರ ರೂಪದಲ್ಲಿರುತ್ತದೆ. ಮೇದಾಮ್ಲದೊಡನೆ ಜೋಡಿಸಿಟ್ಟ ಎಸ್ಟರ್ ರೂಪ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗ್ಲಯೋಬ್ಲಾಸ್ಟೋಮಾದಲ್ಲಿ ಈ ಎಸ್ಟರ್‌ಗಳು ಕೋಶದೊಳಗೆ ಸಣ್ಣ ಕೊಬ್ಬಿನ ಹನಿಗಳಾಗಿ ಶೇಖರಗೊಳ್ಳುತ್ತವೆ. ಬರಗಾಲಕ್ಕೆಂದು ಹಗೇವಿನಲ್ಲಿ ಧಾನ್ಯ ತುಂಬಿಟ್ಟಂತೆ ಗಡ್ಡೆ ತನ್ನ ದಾಸ್ತಾನು ಇಟ್ಟುಕೊಂಡಿರುತ್ತದೆ.

ಇದೇ ರೋಹಿತದಲ್ಲಿ ಲಿಪಿಡ್ ಅಲ್ಲದ ಎರಡು ಸಣ್ಣ ಅಣುಗಳೂ ನೆರವಿಗೆ ಬರುತ್ತವೆ. ಮೊದಲನೆಯದು ನರಕೋಶಗಳು ತಯಾರಿಸುವ ಎನ್-ಅಸಿಟೈಲ್ ಆಸ್ಪಾರ್ಟೇಟ್. ಅದು ಹೇರಳವಾಗಿದ್ದರೆ ಮಿದುಳು ಆರೋಗ್ಯವಾಗಿದೆ, ಕುಸಿದಿದ್ದರೆ ಗಡ್ಡೆ ನುಸುಳಿದೆ ಎಂದು ಊಹಿಸಬಹುದು. ಎರಡನೆಯದು 2-ಹೈಡ್ರಾಕ್ಸಿಗ್ಲುಟರೇಟ್. ಐಡಿಎಚ್ ಎಂಬ ಜೀನ್‌ನಲ್ಲಿ ರೂಪಾಂತರವಾದ ಗ್ಲಯೋಮಾ ಕೋಶಗಳು ಇದನ್ನು ರಾಶಿಗಟ್ಟಲೆ ಉತ್ಪಾದಿಸುತ್ತವೆ ಎಂಬುದು 2009ರಲ್ಲಿ ತಿಳಿದುಬಂತು. ಆರೋಗ್ಯವಂತ ಅಂಗಾಂಶದಲ್ಲಿ ಇದರ ಪ್ರಮಾಣ ತೀರ ಅಲ್ಪ. ಆದ್ದರಿಂದ ಇಂತಹ ಗಡ್ಡೆಗಳಲ್ಲಿ ಇದರ ಶಿಖರ ಕಂಡರೆ ಅಲ್ಲಿ ರೋಗವಿದೆ ಎನ್ನಲು ಬಲವಾದ ಆಧಾರ ಸಿಕ್ಕಂತೆ.

ಶಸ್ತ್ರಚಿಕಿತ್ಸಾ ಕೊಠಡಿಗೆ ಪ್ರವೇಶ

ಈ ಜ್ಞಾನವನ್ನು ಆಸ್ಪತ್ರೆಗೆ ಒಯ್ಯುವಲ್ಲಿ ಪರ್ಡ್ಯೂ ತಂಡ ಹಾಗೂ ಬಾಸ್ಟನ್‌ನ ಬ್ರಿಗಂ ಅಂಡ್ ವಿಮೆನ್ಸ್ ಆಸ್ಪತ್ರೆಯ ನತಾಲಿ ಅಗರ್ ತಂಡ ಜೊತೆಯಾದವು. ಬ್ರೆಜಿಲ್ ಮೂಲದ ರಸಾಯನಶಾಸ್ತ್ರಜ್ಞೆ ಲಿವಿಯಾ ಎಬರ್ಲಿನ್ ಮುಖ್ಯ ಲೇಖಕಿಯಾಗಿದ್ದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 36 ಗ್ಲಯೋಮಾ ಮತ್ತು 19 ಮೆನಿಂಜಿಯೋಮಾ ಮಾದರಿಗಳ ಲಿಪಿಡ್ ರೋಹಿತಗಳಿಂದ ಕಂಪ್ಯೂಟರ್‌ಗೆ ತರಬೇತಿ ನೀಡಲಾಯಿತು. ನಂತರ ಶಸ್ತ್ರಚಿಕಿತ್ಸೆಗೆ ಒಳಗಾದ ಐವರಿಂದ ಪಡೆದ 32 ಮಾದರಿಗಳನ್ನು ಅದು ಗುರುತಿಸುವುದೇ ಎಂದು ಪರೀಕ್ಷಿಸಲಾಯಿತು. ಕೆಲವೇ ಅಪವಾದಗಳನ್ನು ಬಿಟ್ಟರೆ ಯಂತ್ರದ ಉತ್ತರ ಪೆಥಾಲಜಿ ವರದಿಗೆ ಹೊಂದಿಕೆಯಾಯಿತು. ಪ್ರತಿ ಮಾದರಿ ಮಿದುಳಿನ ಯಾವ ಬಿಂದುವಿನದೆಂಬುದನ್ನು ಎಂಆರ್‌ಐ ಚಿತ್ರದ ಮೇಲೆ ಗುರುತಿಸಿ, ಗಡ್ಡೆಯ ಅಣುನಕ್ಷೆಯನ್ನೇ ಬರೆಯಲಾಯಿತು.

ಅದೇ ಆಸ್ಪತ್ರೆಯಲ್ಲಿ ಎಂಆರ್‌ಐ ಮುಂತಾದ ಉಪಕರಣಗಳನ್ನು ಅಳವಡಿಸಿದ ವಿಶೇಷ ಶಸ್ತ್ರಚಿಕಿತ್ಸಾ ಸಂಕೀರ್ಣವಿದೆ. ಅಲ್ಲಿ ನಡೆದು 2014ರಲ್ಲಿ ವರದಿಯಾದ ಕೆಲಸ 2-ಹೈಡ್ರಾಕ್ಸಿಗ್ಲುಟರೇಟನ್ನು ಗುರಿಯಾಗಿಸಿಕೊಂಡಿತ್ತು. ಐಡಿಎಚ್ ರೂಪಾಂತರ ಇರುವ ಗಡ್ಡೆಯೇ ಎಂಬುದನ್ನು ನಿಮಿಷಗಳಲ್ಲಿ ತಿಳಿಯಬಹುದೆಂದೂ, ಅಣುವಿನ ಪ್ರಮಾಣ ಮಾದರಿಯಲ್ಲಿರುವ ಗಡ್ಡೆಕೋಶಗಳ ಸಾಂದ್ರತೆಯನ್ನು ಸೂಚಿಸುತ್ತದೆಂದೂ ಅದು ತೋರಿಸಿತು. ಸಾಮಾನ್ಯವಾಗಿ ಜೀನ್ ಪರೀಕ್ಷೆಯ ವರದಿ ಕೈಸೇರುವುದು ಶಸ್ತ್ರಚಿಕಿತ್ಸೆ ಮುಗಿದ ಎಷ್ಟೋ ದಿನಗಳ ನಂತರ ಎಂಬುದನ್ನು ನೆನೆದರೆ ಇದರ ಮಹತ್ವ ಅರಿವಾಗುತ್ತದೆ.

ಪರ್ಡ್ಯೂ ಮತ್ತು ಇಂಡಿಯಾನ ವಿಶ್ವವಿದ್ಯಾಲಯಗಳ ತಂಡ 2017ರಲ್ಲಿ ಇನ್ನೂ ಸರಳವಾದ ದಾರಿ ಹಿಡಿಯಿತು. ತೆಗೆದ ಅಂಗಾಂಶದ ಚೂರನ್ನು ಕತ್ತರಿಸುವ ಬದಲು ಗಾಜಿನ ಪಟ್ಟಿಯ ಮೇಲೆ ಸವರಿ, ಶಸ್ತ್ರಚಿಕಿತ್ಸಾ ಕೊಠಡಿಯ ಬಳಿಯೇ ಇರಿಸಿದ ಯಂತ್ರದಲ್ಲಿ ಪರೀಕ್ಷಿಸಲಾಯಿತು. ಲಿಪಿಡ್‌ಗಳ ವಿನ್ಯಾಸ ಮತ್ತು ಎನ್-ಅಸಿಟೈಲ್ ಆಸ್ಪಾರ್ಟೇಟ್ ಪ್ರಮಾಣ ಎರಡನ್ನೂ ಸೇರಿಸಿ, ಗಡ್ಡೆಯ ಅಂಚಿನಲ್ಲಿ ರೋಗಕೋಶಗಳಿವೆಯೇ ಎಂಬ ಅಂದಾಜು ಕೆಲವೇ ನಿಮಿಷಗಳಲ್ಲಿ ಸಿಕ್ಕಿತು. ಮುಂದೆ 2024ರಲ್ಲಿ ಶಾಂಘೈನ ಹುವಾಶಾನ್ ಆಸ್ಪತ್ರೆಯ ವೈದ್ಯರು ಸೇರಿದ್ದ ತಂಡ, ಗಾತ್ರದಲ್ಲಿ ಚಿಕ್ಕದಾದ ಮಾಸ್ ಸ್ಪೆಕ್ಟ್ರೋಮೀಟರನ್ನು ಬಳಸಿ ಶಸ್ತ್ರಚಿಕಿತ್ಸೆಯ ನಡುವೆಯೇ ಐಡಿಎಚ್ ರೂಪಾಂತರವನ್ನು ಪತ್ತೆ ಮಾಡಿದ ಫಲಿತಾಂಶವನ್ನು ಪ್ರಕಟಿಸಿತು.

ಹೊಗೆಯ ವಾಸನೆ, ನೀರಿನ ಹನಿ

ಚೂರು ತೆಗೆದು ಯಂತ್ರಕ್ಕೆ ಒಯ್ಯುವ ಬದಲು ಕತ್ತರಿಸುವ ಉಪಕರಣವೇ ಸುಳಿವು ನೀಡುವಂತಿದ್ದರೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೊಲ್ಟಾನ್ ತಕಾಟ್ಸ್ ರೂಪಿಸಿದ 'ಐನೈಫ್' ಈ ಪ್ರಶ್ನೆಗೆ ಉತ್ತರ. ವಿದ್ಯುತ್ ಚಾಕು ಅಂಗಾಂಶವನ್ನು ಸುಡುತ್ತ ಕತ್ತರಿಸುವಾಗ ಏಳುವ ಹೊಗೆಯಲ್ಲಿ ಲಿಪಿಡ್‌ಗಳಿರುತ್ತವೆ. ಸಾಮಾನ್ಯವಾಗಿ ಹೀರಿ ಹೊರಹಾಕುವ ಆ ಹೊಗೆಯನ್ನು ನಳಿಕೆಯ ಮೂಲಕ ಯಂತ್ರಕ್ಕೆ ಕಳುಹಿಸಿದರೆ ಕ್ಷಣಾರ್ಧದಲ್ಲಿ ರೋಹಿತ ಸಿದ್ಧ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 302 ರೋಗಿಗಳ ಅಂಗಾಂಶಗಳಿಂದ ದತ್ತಸಂಚಯ ಕಟ್ಟಿ, 81 ಶಸ್ತ್ರಚಿಕಿತ್ಸೆಗಳಲ್ಲಿ ಬಳಸಲಾಯಿತು. ಎಲ್ಲದರಲ್ಲೂ ಫಲಿತಾಂಶ ನಂತರದ ಪೆಥಾಲಜಿ ವರದಿಗೆ ಹೊಂದಿತು. ಅದು ಒಂದೇ ಅಂಗಕ್ಕೆ ಸೀಮಿತವಾದ ಅಧ್ಯಯನವಾಗಿರಲಿಲ್ಲ. ಮಿದುಳಿನಲ್ಲಿ ಗಡ್ಡೆಯನ್ನು ಪುಡಿಮಾಡಿ ಹೀರುವ ಅಲ್ಟ್ರಾಸಾನಿಕ್ ಉಪಕರಣವನ್ನು ಇದೇ ರೀತಿ ಯಂತ್ರಕ್ಕೆ ಜೋಡಿಸುವ ಪ್ರಯೋಗಗಳೂ ನಡೆದಿವೆ.

ಸುಡದೆ ಪರೀಕ್ಷಿಸುವ ಇನ್ನೊಂದು ಸಾಧನವನ್ನು ಎಬರ್ಲಿನ್ ತಂಡ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕೇಂದ್ರದಲ್ಲಿ ರೂಪಿಸಿ 2017ರಲ್ಲಿ ಪ್ರಕಟಿಸಿತು. ಲೇಖನಿಯಂತಹ ಈ ಉಪಕರಣ ಅಂಗಾಂಶದ ಮೇಲೆ ಒಂದು ನೀರಿನ ಹನಿಯನ್ನು ಕೆಲವು ಸೆಕೆಂಡು ನಿಲ್ಲಿಸಿ, ಅಣುಗಳನ್ನು ಹೊತ್ತ ಹನಿಯನ್ನು ಹೀರಿ ಯಂತ್ರಕ್ಕೆ ರವಾನಿಸುತ್ತದೆ. ಮೊದಲ ಅಧ್ಯಯನದಲ್ಲಿ ಸ್ತನ, ಶ್ವಾಸಕೋಶ, ಥೈರಾಯ್ಡ್ ಮತ್ತು ಅಂಡಾಶಯದ 253 ಮಾದರಿಗಳನ್ನು ಪರೀಕ್ಷಿಸಲಾಗಿತ್ತು. ಅಂಗಾಂಶಕ್ಕೆ ಹಾನಿಯಾಗದ ಕಾರಣ ಇಂತಹ ವಿಧಾನ ಮಿದುಳಿಗೆ ಹೆಚ್ಚು ಒಪ್ಪುವಂತಹದು.

ರಷ್ಯಾದಲ್ಲಿಯೂ ಮಾಸ್ಕೋದ ಬುರ್ದೆಂಕೊ ನರಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ ಭೌತವಿಜ್ಞಾನಿಗಳ ತಂಡಗಳು ಕೆಲಸ ಮಾಡಿವೆ. ಅಂಗಾಂಶದ ಪುಟ್ಟ ಚೂರಿನ ಮೇಲೆ ದ್ರಾವಕ ಹರಿಸಿ, ಅದರಿಂದ ನೇರವಾಗಿ ಅಯಾನುಗಳನ್ನು ಪಡೆದು ಲಿಪಿಡ್ ವಿನ್ಯಾಸವನ್ನು ಓದುವುದು ಅವರ ವಿಧಾನಗಳಲ್ಲಿ ಒಂದು.

ದಾಟಬೇಕಾದ ತೊಡಕುಗಳು

ಇಷ್ಟೆಲ್ಲ ಇದ್ದರೂ ಈ ತಂತ್ರಜ್ಞಾನ ಮಿದುಳಿನ ಶಸ್ತ್ರಚಿಕಿತ್ಸೆಯ ದಿನನಿತ್ಯದ ಭಾಗವಾಗಿಲ್ಲ. ಸಂಶೋಧನಾ ಕೇಂದ್ರಗಳ ಹೊಸ್ತಿಲಲ್ಲೇ ಇದೆ. ಅದಕ್ಕೆ ಕಾರಣಗಳಿವೆ.

ಮೊದಲನೆಯದಾಗಿ, ತೂಕ ಒಂದೇ ಆದರೂ ರಚನೆ ಬೇರೆಯಾದ ಅಣುಗಳು ಲಿಪಿಡ್‌ಗಳಲ್ಲಿ ಹೇರಳ. ಮೇದಾಮ್ಲದ ಸರಪಳಿಯಲ್ಲಿ ದ್ವಿಬಂಧ ಒಂದು ಸ್ಥಾನ ಆಚೀಚೆಯಾದರೂ ತೂಕ ಬದಲಾಗುವುದಿಲ್ಲ. ಅವುಗಳನ್ನು ಬೇರ್ಪಡಿಸಲು ಅಯಾನುಗಳನ್ನು ಒಡೆದು ಚೂರುಗಳನ್ನು ಮತ್ತೆ ತೂಗಬೇಕು, ಅಥವಾ ಮೊದಲೇ ದ್ರವದಲ್ಲಿ ಬೇರ್ಪಡಿಸಬೇಕು. ಎರಡಕ್ಕೂ ಸಮಯ ಬೇಕು. ಸಮಯವೇ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದುಬಾರಿ ವಸ್ತು.

ಎರಡನೆಯದು, ಮಾದರಿಯ ಸ್ಥಿತಿ. ರಕ್ತ ಬೆರೆತರೆ, ಅಂಗಾಂಶ ಸತ್ತಿದ್ದರೆ, ಹೊರಗೆ ಹೆಚ್ಚು ಹೊತ್ತು ಇಟ್ಟರೆ ರೋಹಿತ ಬದಲಾಗುತ್ತದೆ. ಅಪರ್ಯಾಪ್ತ ಲಿಪಿಡ್‌ಗಳು ಗಾಳಿಯ ಸಂಪರ್ಕದಲ್ಲಿ ಕೆಡುತ್ತವೆ. ಆದ್ದರಿಂದಲೇ ಸಂಶೋಧನೆಗೆ ಮಾದರಿಗಳನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದಿಡಲಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಿದುಳಿನ ಅಂಚಿನಿಂದ ತೆಗೆದ ಚೂರು ಬಹುತೇಕ ಮಿಶ್ರಣವೇ ಆಗಿರುತ್ತದೆ: ಸ್ವಲ್ಪ ಬೂದುದ್ರವ್ಯ, ಸ್ವಲ್ಪ ಶ್ವೇತದ್ರವ್ಯ, ನಡುವೆ ಕೆಲವು ರೋಗಕೋಶಗಳು. ಸಲ್ಫಟೈಡ್ ಕಡಿಮೆ ಕಂಡದ್ದು ಗಡ್ಡೆಯಿಂದಲೋ ಅಥವಾ ಚೂರಿನಲ್ಲಿ ಬೂದುದ್ರವ್ಯವೇ ಹೆಚ್ಚಿದ್ದುದರಿಂದಲೋ ಎಂಬುದನ್ನು ಯಂತ್ರ ಬಿಡಿಸಿ ಹೇಳಬೇಕು. ಗಡ್ಡೆ ಶೇ 90ರಷ್ಟು ತುಂಬಿದ ಮಾದರಿಯನ್ನು ಗುರುತಿಸುವುದು ಸುಲಭ. ಶೇ 10ರಷ್ಟು ನುಸುಳಿರುವಲ್ಲಿ ಖಚಿತವಾಗಿ ಹೇಳುವುದು ಕಷ್ಟ. ಶಸ್ತ್ರವೈದ್ಯರಿಗೆ ಉತ್ತರ ಬೇಕಾಗಿರುವುದು ಈ ಎರಡನೆಯ ಜಾಗದಲ್ಲೇ.

ಇವುಗಳ ಜೊತೆಗೆ ಯಂತ್ರದ ಬೆಲೆ, ಅದನ್ನು ನಡೆಸುವ ತಜ್ಞರ ಅಗತ್ಯ, ಒಂದು ಆಸ್ಪತ್ರೆಯ ಯಂತ್ರದಲ್ಲಿ ಕಲಿತ ಕಂಪ್ಯೂಟರ್ ಇನ್ನೊಂದು ಆಸ್ಪತ್ರೆಯ ಯಂತ್ರದ ರೋಹಿತವನ್ನು ಸರಿಯಾಗಿ ಓದುವುದೇ ಎಂಬ ಪ್ರಶ್ನೆಗಳೂ ಇವೆ. ಇದುವರೆಗಿನ ಅನೇಕ ಅಧ್ಯಯನಗಳಲ್ಲಿ ರೋಗಿಗಳ ಸಂಖ್ಯೆ ಚಿಕ್ಕದು. ಯಂತ್ರ ಸರಿಯಾಗಿ ಗುರುತಿಸುತ್ತದೆ ಎಂಬುದಕ್ಕೆ ಸಾಕ್ಷ್ಯ ಬೆಳೆಯುತ್ತಿದೆ. ಆದರೆ ಯಂತ್ರದ ಮಾತು ಕೇಳಿ ಕತ್ತರಿಸಿದ್ದರಿಂದ ರೋಗಿ ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಬದುಕುತ್ತಾನೆ ಎಂಬುದನ್ನು ಸಾಬೀತುಪಡಿಸಲು ದೊಡ್ಡ ಪ್ರಮಾಣದ ತುಲನಾತ್ಮಕ ಪರೀಕ್ಷೆಗಳು ಬೇಕು.

ಗುರುತಿನಿಂದ ಚಿಕಿತ್ಸೆಯತ್ತ

ಲಿಪಿಡ್‌ಗಳ ಅಧ್ಯಯನದ ಫಲ ಗಡಿ ಗುರುತಿಸುವುದಕ್ಕೆ ಸೀಮಿತವಾಗಿಲ್ಲ. ಗ್ಲಯೋಬ್ಲಾಸ್ಟೋಮಾ ತನ್ನ ಕೊಲೆಸ್ಟರಾಲ್ ದಾಸ್ತಾನು ಮಾಡಲು ಎಸ್‌ಒಎಟಿ1 ಎಂಬ ಕಿಣ್ವವನ್ನು ಅವಲಂಬಿಸಿದೆ. ಅದನ್ನು ತಡೆದರೆ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಡೆಲಿಯಾಂಗ್ ಗುವೊ ತಂಡ 2016ರಲ್ಲಿ ತೋರಿಸಿತು. ಮಕ್ಕಳ ಮಿದುಳಿನ ಕಾಂಡದಲ್ಲಿ ಬೆಳೆಯುವ ಒಂದು ಉಗ್ರ ಗ್ಲಯೋಮಾದ ಕೋಶಗಳ ಮೇಲೆ ಜಿಡಿ2 ಎಂಬ ಲಿಪಿಡ್ ದಟ್ಟವಾಗಿರುತ್ತದೆ. ಅದನ್ನೇ ಗುರಿಯಾಗಿಸಿ, ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ನೀಡುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗದ ಮೊದಲ ಫಲಿತಾಂಶಗಳು 2022ರಲ್ಲಿ ಪ್ರಕಟವಾದವು. ಐಡಿಎಚ್ ರೂಪಾಂತರದ ನಿಧಾನಗತಿಯ ಗ್ಲಯೋಮಾಗಳಿಗೆ ವೊರಾಸಿಡೆನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2024ರಲ್ಲಿ ಮನ್ನಣೆ ದೊರೆತಿದೆ. ಗಡ್ಡೆಯ ರಸಾಯನವನ್ನು ಬೇಗ ತಿಳಿಯುವುದಕ್ಕೆ ಇದರಿಂದ ಹೊಸ ಅರ್ಥ ಬಂದಿದೆ.

ಭಾರತದ ನೆಲೆ

ಮಿದುಳಿನ ಲಿಪಿಡ್ ಅಧ್ಯಯನದಲ್ಲಿ ದಕ್ಷಿಣ ಭಾರತಕ್ಕೆ ಹಳೆಯ ನಂಟಿದೆ. ಸಲ್ಫಟೈಡ್ ಮಿದುಳಿನಲ್ಲಿ ಶೇಖರಗೊಂಡು ಮಕ್ಕಳನ್ನು ಬಾಧಿಸುವ ಆನುವಂಶಿಕ ಕಾಯಿಲೆಯ ಹಿಂದಿರುವ ಕಿಣ್ವದ ಕೊರತೆಯನ್ನು ಅರಿಯುವಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ.ಕೆ. ಬಚ್ಛಾವತ್ ಬಳಗ 1960ರ ದಶಕದಲ್ಲಿ ಪಾಲ್ಗೊಂಡಿತ್ತು. ಇಂದು ಗಡ್ಡೆಯ ಅಂಚನ್ನು ಹೇಳುವ ಅಣುಗಳ ಸಾಲಿನಲ್ಲಿ ಅದೇ ಸಲ್ಫಟೈಡ್ ನಿಂತಿದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾದ ಮಾನವ ಮಿದುಳು ಅಂಗಾಂಶ ಭಂಡಾರ ಸಂಶೋಧನೆಗೆಂದು ಮಿದುಳಿನ ಮಾದರಿಗಳನ್ನು ಸಂರಕ್ಷಿಸುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ಪ್ರಯೋಗಾಲಯ ನಿಮ್ಹಾನ್ಸ್ ಜೊತೆಗೂಡಿ ಗ್ಲಯೋಮಾಗಳ ಜೀನ್‌ಗಳನ್ನು ಕುರಿತು ಅಧ್ಯಯನ ನಡೆಸಿದೆ. ತಿರುಪತಿಯ ಐಸರ್‌ನಲ್ಲಿ ಶಿಬ್‌ದಾಸ್ ಬ್ಯಾನರ್ಜಿ ಅವರ ತಂಡ ಡೆಸಿ ವಿಧಾನದಿಂದ ಕ್ಯಾನ್ಸರ್ ಅಂಗಾಂಶಗಳ ಅಣುಗಳನ್ನು ಅಧ್ಯಯನ ಮಾಡುತ್ತ ಬಂದಿದೆ. ಲಿಪಿಡ್ ಪರೀಕ್ಷೆ ಇಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಬರುವುದಾದರೆ ಬೇಕಾಗುವುದು ಇದೇ ಮೂರು ಬಲಗಳು: ಚೆನ್ನಾಗಿ ಕಾಯ್ದಿಟ್ಟ ಮಾದರಿಗಳು, ಗಡ್ಡೆಗಳ ಜೀನ್ ಮಾಹಿತಿ ಮತ್ತು ಯಂತ್ರ ಬಲ್ಲ ತಜ್ಞರು.

ರೋಗಿಗಳು ಗಮನಿಸಬೇಕಾದದ್ದು

ಕೊಬ್ಬು, ಕೊಲೆಸ್ಟರಾಲ್ ಎಂಬ ಪದಗಳು ಆಹಾರದ ಚಿಂತೆ ಹುಟ್ಟಿಸುವುದು ಸಹಜ. ಆದರೆ ರಕ್ತದ ಕೊಲೆಸ್ಟರಾಲ್ ಮಿದುಳಿನ ತಡೆಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಡ್ಡೆಯ ಲಿಪಿಡ್ ವಿನ್ಯಾಸ ರೋಗದ ಪರಿಣಾಮ. ಅಡುಗೆಯ ಎಣ್ಣೆ ಬದಲಿಸಿದ ಮಾತ್ರಕ್ಕೆ ಅದು ಬದಲಾಗುತ್ತದೆ ಎಂದು ಭಾವಿಸಬಾರದು. ಆಸ್ಪತ್ರೆಗಳಲ್ಲಿ ಮಾಡುವ 'ಲಿಪಿಡ್ ಪ್ರೊಫೈಲ್' ಎಂಬ ರಕ್ತಪರೀಕ್ಷೆ ಹೃದಯದ ಆರೋಗ್ಯಕ್ಕೆ ಸಂಬಂಧಿಸಿದ್ದು. ಅದರಿಂದ ಮಿದುಳಿನ ಗಡ್ಡೆ ತಿಳಿಯುವುದಿಲ್ಲ.

ಗಡ್ಡೆಯ ಅಂತಿಮ ನಿರ್ಣಯ ಇಂದಿಗೂ ಪೆಥಾಲಜಿ ತಜ್ಞರ ಸೂಕ್ಷ್ಮದರ್ಶಕ ಮತ್ತು ಜೀನ್ ಪರೀಕ್ಷೆಗಳದ್ದೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರ್ಗೀಕರಣವೂ ಇವೆರಡನ್ನು ಆಧರಿಸಿದೆ. ಲಿಪಿಡ್ ರೋಹಿತ ಅವುಗಳ ಸ್ಥಾನವನ್ನು ಕಸಿಯುವುದಿಲ್ಲ. ಆ ವರದಿಗಳು ಬರುವ ಮುನ್ನ, ಚಾಕು ಕೈಯಲ್ಲಿರುವಾಗಲೇ, ಇನ್ನೊಂದು ಸುಳಿವನ್ನು ಒದಗಿಸುತ್ತದೆ. ಥುಡಿಕಮ್ ಒಗಟೆಂದು ಹೆಸರಿಟ್ಟ ಅಣುವಿನ ಬಳಗ ಸುಮಾರು 140 ವರ್ಷಗಳ ನಂತರ ಆ ಸುಳಿವನ್ನು ಹೇಳತೊಡಗಿದೆ. ಅದನ್ನು ಅಂಚಿನ ಕೊನೆಯ ಮಿಲಿಮೀಟರಿನಲ್ಲೂ ನಂಬಬಹುದೇ ಎಂಬುದನ್ನು ಮುಂದಿನ ಪರೀಕ್ಷೆಗಳು ನಿರ್ಧರಿಸಲಿವೆ.

ಪದ ಪರಿಚಯ

ಲಿಪಿಡ್: ಕೊಬ್ಬು ಮತ್ತು ಕೊಬ್ಬಿನಂತಹ ಅಣುಗಳ ಒಟ್ಟು ಹೆಸರು. ಕೋಶಪೊರೆಗಳ ಮುಖ್ಯ ಘಟಕ.

ಗ್ಲಯೋಮಾ: ನರಕೋಶಗಳಿಗೆ ಆಸರೆ ನೀಡುವ ಗ್ಲಯಾ ಕೋಶಗಳ ಬಳಗಕ್ಕೆ ಸೇರಿದ ಗಡ್ಡೆ.

ಮಯಲಿನ್: ನರತಂತುಗಳನ್ನು ಸುತ್ತಿರುವ ಲಿಪಿಡ್‌ಭರಿತ ಕವಚ.

ಸಲ್ಫಟೈಡ್: ಮಯಲಿನ್‌ನಲ್ಲಿ ಹೇರಳವಾಗಿರುವ ಗಂಧಕಯುಕ್ತ ಲಿಪಿಡ್.

ರೋಹಿತ: ಮಾದರಿಯಲ್ಲಿ ಯಾವ ತೂಕದ ಅಣುಗಳು ಎಷ್ಟಿವೆ ಎಂಬುದನ್ನು ತೋರಿಸುವ ರೇಖಾಚಿತ್ರ.

ಡೆಸಿ: ಆವೇಶಿತ ಹನಿಗಳನ್ನು ಸಿಂಪಡಿಸಿ, ತೆರೆದ ಗಾಳಿಯಲ್ಲೇ ಅಂಗಾಂಶದಿಂದ ಅಯಾನುಗಳನ್ನು ಪಡೆಯುವ ವಿಧಾನ.